ಬಿಲ್ಲಿನ ಕೊನೆಯ ಸಾಲು

ಅಮೆರಿಕದ ಪಶ್ಚಿಮ ಕರಾವಳಿಯ ದಕ್ಷಿಣ ತುದಿಯಲ್ಲಿ ಸ್ಯಾನ್ ಡಿಯೇಗೊ ಎಂಬ ನಗರವಿದೆ. 2017ರ ಜನವರಿಯಲ್ಲಿ ಅಲ್ಲಿಯ ಹಲವು ಹೋಟೆಲುಗಳಲ್ಲಿ ಉಂಡೆದ್ದ ಗಿರಾಕಿಗಳು ಬಿಲ್ಲಿನ ಅಡಿಯಲ್ಲಿ ಹಿಂದೆಂದೂ ಕಾಣದಿದ್ದ ಒಂದು ಸಾಲನ್ನು ಕಂಡರು. ಊಟದ ಬೆಲೆ ಇಷ್ಟು, ಮಾರಾಟ ತೆರಿಗೆ ಇಷ್ಟು. ಅದರ ಜೊತೆಗೆ ಶೇಕಡ 3ರಂತೆ ಅಧಿಕ ಶುಲ್ಕ. ಕನಿಷ್ಠ ವೇತನವನ್ನು ಏರಿಸಿದ್ದರಿಂದ ಹೀಗೆ ಮಾಡಬೇಕಾಯಿತೆಂಬ ಸಮಾಧಾನವೂ ಕೆಲವೆಡೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದಿತು. 40 ಡಾಲರಿನ ಊಟಕ್ಕೆ 1 ಡಾಲರು 20 ಸೆಂಟು. 40 ಡಾಲರು ತೆತ್ತು ಉಣ್ಣಬಲ್ಲವನಿಗೆ ಇದೇನೂ ಹೊರಲಾರದ ಹೊರೆಯಲ್ಲ. ಆದರೂ ಊರಿನಲ್ಲಿ ಗುಲ್ಲೆದ್ದಿತು. ಹೋಟೆಲಿನವರು ಸರ್ಕಾರದತ್ತ ಕೈ ತೋರಿಸಿದರು. ಗಿರಾಕಿಗಳು ಹೋಟೆಲಿನವರತ್ತ ತೋರಿಸಿದರು. ಬಿಲ್ಲನ್ನು ತಂದಿಟ್ಟು ಮೇಜಿನ ಪಕ್ಕದಲ್ಲಿ ನಿಂತಿದ್ದವನು ಮಾತ್ರ ಯಾರತ್ತಲೂ ಕೈ ತೋರಿಸುವಂತಿರಲಿಲ್ಲ. ಆ ಸಾಲಿನಲ್ಲಿ ಇದ್ದುದು ಅವನ ಕೂಲಿಯೇ.

ಶೇಕಡ 3 ಎಂಬುದು ಅನ್ಯಾಯದ ಲೆಕ್ಕವಾಗಿದ್ದಿತೆ? ನೋಡಬೇಕು. 2016ರ ಜೂನಿನಲ್ಲಿ ಆ ನಗರದ ಮತದಾರರು ತಾವೇ ಮತ ಹಾಕಿ ವೇತನವನ್ನು ಏರಿಸಿದ್ದರು. ಗಂಟೆಗೆ 10 ಡಾಲರು ಇದ್ದುದು ಜುಲೈಯಲ್ಲಿ ಹತ್ತೂವರೆಯಾಗಿ, ಮರುವರ್ಷದ ಜನವರಿಗೆ ಹನ್ನೊಂದೂವರೆಯಾಯಿತು. ಆರು ತಿಂಗಳೊಳಗೆ ಶೇಕಡ 15ರ ಏರಿಕೆ. ಆ ದೇಶದ ಹೋಟೆಲುಗಳಲ್ಲಿ ನೂರು ಡಾಲರು ಗಲ್ಲಕ್ಕೆ ಬಿದ್ದರೆ ಸುಮಾರಾಗಿ ಮೂರರಲ್ಲಿ ಒಂದು ಪಾಲು ದಿನಸಿಗೆ, ಇನ್ನೊಂದು ಪಾಲು ಆಳುಗಳಿಗೆ ಹೋಗುತ್ತದೆ. ಉಳಿದುದರಲ್ಲಿ ಬಾಡಿಗೆ, ಬೆಂಕಿ, ಬೆಳಕು, ತೆರಿಗೆಗಳೆಲ್ಲ ಕಳೆದು ಯಜಮಾನನಿಗೆ ಮಿಕ್ಕುವುದು ಕೆಲವೇ ಡಾಲರು. ಆಳುಗಳೆಲ್ಲರೂ ಕನಿಷ್ಠ ವೇತನದವರೇ ಆಗಿದ್ದರೆ ಖರ್ಚು ಶೇಕಡ 5ರಷ್ಟು ಏರಬೇಕು. ಅದಕ್ಕಿಂತ ಹೆಚ್ಚು ಪಡೆಯುವವರೂ ಇರುವುದರಿಂದ ಏರಿಕೆ ಅದಕ್ಕೂ ಕಡಿಮೆ. ಆದುದರಿಂದ ಶೇಕಡ 3 ಎಂದವನನ್ನು ಸುಲಿಗೆಕೋರನೆಂದು ಜರೆಯಲಾಗದು. ಲೆಕ್ಕದಲ್ಲಿ ದೊಡ್ಡ ತಪ್ಪಿರಲಿಲ್ಲ. ಅದನ್ನು ಬರೆದ ಜಾಗದಲ್ಲಿ ತಪ್ಪಿದ್ದಿತು.

ಕೂಲಿ ಏರಿದಾಗ ಅದರ ಬಹುಭಾಗ ಉಣ್ಣುವವನ ತಲೆಗೇ ಬರುತ್ತದೆಂಬುದು ಹೊಸ ಸಂಗತಿಯೇನಲ್ಲ. 1992ರ ಏಪ್ರಿಲ್ 1ರಂದು ನ್ಯೂಜೆರ್ಸಿ ಸಂಸ್ಥಾನದಲ್ಲಿ ಗಂಟೆಗೆ 4 ಡಾಲರು 25 ಸೆಂಟು ಇದ್ದ ಕನಿಷ್ಠ ವೇತನ 5 ಡಾಲರು 5 ಸೆಂಟಿಗೆ ಏರಿತು. ಪಕ್ಕದ ಪೆನ್ಸಿಲ್ವೇನಿಯದಲ್ಲಿ ಏರಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಗಡಿಯ ಎರಡೂ ಕಡೆಯ 410 ತಿಂಡಿಯಂಗಡಿಗಳನ್ನು ಏರಿಕೆಗೆ ಮೊದಲೊಮ್ಮೆ, ಅನಂತರವೊಮ್ಮೆ ವಿಚಾರಿಸಿದರು. ಕೂಲಿ ಏರಿದರೆ ಆಳುಗಳ ಸಂಖ್ಯೆ ಇಳಿಯಲೇಬೇಕೆಂಬುದು ಅಂದಿನ ಪಂಡಿತರ ಸಿದ್ಧಾಂತ. ಇಳಿದಿರಲಿಲ್ಲ. 1994ರಲ್ಲಿ ಅಚ್ಚಾದ ಈ ವರದಿಯ ಸುತ್ತ ಎದ್ದ ವಾದ ಇನ್ನೂ ಪೂರ್ತಿ ಅಡಗಿಲ್ಲ. ಇಂಥ ಅಧ್ಯಯನಗಳಿಗಾಗಿಯೇ 2021ರಲ್ಲಿ ಕಾರ್ಡ್ ಅವರಿಗೆ ನೊಬೆಲ್ ಬಹುಮಾನದ ಪಾಲು ಸಂದಿತು. ಕ್ರೂಗರ್ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಎಲ್ಲರೂ ಆಳುಗಳ ಸಂಖ್ಯೆಯನ್ನು ಹಿಡಿದು ಜಗ್ಗಾಡಿದರೇ ಹೊರತು ಅದೇ ವರದಿಯ ಇನ್ನೊಂದು ಅಂಶವನ್ನು ಗಮನಿಸಿದವರು ಕಡಿಮೆ: ಪೆನ್ಸಿಲ್ವೇನಿಯಕ್ಕೆ ಹೋಲಿಸಿದರೆ ನ್ಯೂಜೆರ್ಸಿಯಲ್ಲಿ ತಿಂಡಿಯ ಬೆಲೆ ಶೇಕಡ 4ರಷ್ಟು ಮೇಲೇರಿದ್ದಿತು. ಬಿಲ್ಲಿನಲ್ಲಿ ಅದಕ್ಕೆ ಬೇರೆ ಸಾಲಿರಲಿಲ್ಲ. ಗಿರಾಕಿಗಳು ಕೊಟ್ಟರು, ತಿಂದರು, ಹೋದರು.

2024ರ ಏಪ್ರಿಲ್ 1ರಂದು ಕ್ಯಾಲಿಫೋರ್ನಿಯ ಇನ್ನೂ ದೊಡ್ಡ ಹೆಜ್ಜೆಯನ್ನಿಟ್ಟಿತು. ದೇಶದಲ್ಲಿ 60ಕ್ಕೆ ಕಡಿಮೆಯಿಲ್ಲದಷ್ಟು ಶಾಖೆಗಳಿರುವ ತಿಂಡಿಯಂಗಡಿಗಳ ನೌಕರರಿಗೆ ಗಂಟೆಗೆ 16ರಿಂದ ಒಂದೇ ಸಲಕ್ಕೆ 20 ಡಾಲರು! ಬರ್ಕ್ಲಿ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದಾಗ ತಿಂಡಿಯ ಬೆಲೆ ಶೇಕಡ 3.7ರಷ್ಟು, ಅಂದರೆ 4 ಡಾಲರಿನ ಹ್ಯಾಂಬರ್ಗರಿಗೆ 15 ಸೆಂಟಿನಷ್ಟು ಏರಿದ್ದಿತು. ಕೆಲಸಗಳು ಕಡಿಮೆಯಾದವೆಂದು ಬೇರೆ ಅರ್ಥಶಾಸ್ತ್ರಜ್ಞರು ಬೇರೆ ಲೆಕ್ಕವನ್ನು ಮುಂದಿಟ್ಟರು. ಆ ಜಗಳ ಅವರಿಗಿರಲಿ.

ಹಾಗಾದರೆ ಪಟ್ಟಿಯಲ್ಲಿಯೇ ಬೆಲೆಯನ್ನು ಏರಿಸಿ ಸುಮ್ಮನಿರದೆ ಬೇರೆ ಸಾಲೊಂದನ್ನು ಬರೆಯುವುದೇಕೆ? ಗಿರಾಕಿ ಬಾಗಿಲಲ್ಲಿ ನಿಂತು ಓದುವುದು ಪಟ್ಟಿಯನ್ನು. ಬಿಲ್ಲನ್ನು ಓದುವುದು ಹೊಟ್ಟೆ ತುಂಬಿದ ಮೇಲೆ. ಎದುರು ಹೋಟೆಲಿನಲ್ಲಿ 15 ಡಾಲರೆಂದಿರುವಾಗ ಇಲ್ಲಿ ಹದಿನೈದೂವರೆ ಎಂದು ಬರೆಯಲು ಯಜಮಾನನ ಕೈ ನಡುಗುತ್ತದೆ. ಜೊತೆಗೆ ಆ ಸಾಲಿನಲ್ಲಿ ಒಂದು ದೂರೂ ಅಡಗಿದೆ: ನೋಡಿರಿ, ನೀವು ಮತ ಹಾಕಿ ತಂದ ಕಾನೂನಿನ ಫಲ ಇದು! ಹಾಲು ತುಟ್ಟಿಯಾದಾಗ ಹಾಲಿನ ಶುಲ್ಕವೆಂದು ಯಾವ ಹೋಟೆಲೂ ಬರೆಯುವುದಿಲ್ಲ. ಕಟ್ಟಡದ ಒಡೆಯ ಬಾಡಿಗೆಯನ್ನು ಏರಿಸಿದಾಗ ಅವನ ಹೆಸರಿನಲ್ಲಿ ಸಾಲು ಏಳುವುದಿಲ್ಲ. ಎಲ್ಲ ಖರ್ಚುಗಳೂ ಪಟ್ಟಿಯ ಬೆಲೆಯೊಳಗೆ ಮಾನದಿಂದ ಕುಳಿತಿರುವಾಗ, ತಟ್ಟೆ ತೊಳೆಯುವವನ ಕೂಲಿಯೊಂದನ್ನು ಮಾತ್ರ ಹೊರಗೆ ಎಳೆದು ನಿಲ್ಲಿಸುವುದು ಯಾವ ನ್ಯಾಯ? ಇದು ಸರ್ಕಾರ ಹಾಕಿದ ತೆರಿಗೆಯೆಂಬ ಭ್ರಮೆ ಹುಟ್ಟಿಸಬಾರದು, ಗಿರಾಕಿ ಊಟ ಹೇಳುವ ಮೊದಲೇ ತಿಳಿಯುವಂತೆ ಕಾಣಿಸಬೇಕು ಎಂದು ಸ್ಯಾನ್ ಡಿಯೇಗೊ ನಗರದ ವಕೀಲರ ಕಚೇರಿ ಹೋಟೆಲುಗಳನ್ನು ಎಚ್ಚರಿಸಬೇಕಾಯಿತು.

ಹೋಟೆಲಿನವನ ಕಡೆಯ ಒಂದು ಮಾತನ್ನೂ ಇಲ್ಲಿ ಕೇಳಬೇಕು, ಅದು ನಿಜವಾದುದು. ಅಮೆರಿಕದಲ್ಲಿ ಉಂಡವನು ಬಿಲ್ಲಿನ ಮೇಲೆ ನೂರಕ್ಕೆ ಹದಿನೈದು ಇಪ್ಪತ್ತರಂತೆ ಮಾಣಿಗೆ ಭಕ್ಷೀಸು ಕೊಡುವುದು ಬಿಡಲಾಗದ ಪದ್ಧತಿ. ಆ ದೇಶದ ಕೇಂದ್ರ ಕಾನೂನಿನಲ್ಲಿ ಕನಿಷ್ಠ ವೇತನ 2009ರಿಂದ 7 ಡಾಲರು 25 ಸೆಂಟು. ಆದರೆ ಭಕ್ಷೀಸು ಪಡೆಯುವವನಿಗೆ ಯಜಮಾನ ತನ್ನ ಕೈಯಿಂದ 2 ಡಾಲರು 13 ಸೆಂಟು ಕೊಟ್ಟರೆ ಸಾಕು. ಮಿಕ್ಕುದನ್ನು ಗಿರಾಕಿಯ ಔದಾರ್ಯ ತುಂಬಬೇಕು, ಅದು ತುಂಬದಿದ್ದರೆ ಮಾತ್ರ ಯಜಮಾನ. 1991ರಲ್ಲಿ ನಿಂತ ಆ ಅಂಕಿ ಅಲ್ಲಿಂದ ಕದಲಿಲ್ಲ. ಕ್ಯಾಲಿಫೋರ್ನಿಯ ಮುಂತಾದ ಕೆಲವು ಸಂಸ್ಥಾನಗಳಲ್ಲಿ ಈ ರಿಯಾಯಿತಿಯಿಲ್ಲ. ಮಾಣಿಗೆ ಪೂರ್ತಿ ವೇತನವೂ ಉಂಟು, ಭಕ್ಷೀಸೂ ಉಂಟು. ಒಳಗೆ ಒಲೆಯ ಮುಂದೆ ಬೇಯುವ ಅಡಿಗೆಯವನಿಗೆ ವೇತನ ಮಾತ್ರ. ಕನಿಷ್ಠ ವೇತನ ಏರಿದಾಗಲೆಲ್ಲ ಹೊರಗಿನವನ ಕೈ ಇನ್ನಷ್ಟು ತುಂಬುತ್ತದೆ. ಒಳಗಿನವನು ಆ ಕಡೆ ನೋಡಿ ನಿಟ್ಟುಸಿರಿಡುತ್ತಾನೆ. ಭಕ್ಷೀಸನ್ನು ಅಡಿಗೆಮನೆಗೂ ಹಂಚಲು ಕೇಂದ್ರ ಕಾನೂನು 2018ರಲ್ಲಿ ತುಸು ಸಡಿಲವಾಯಿತು. ಅದಕ್ಕೆ ಮೊದಲು, ಅಡಿಗೆಯವನಿಗೆ ನಾಲ್ಕು ಕಾಸು ಹೆಚ್ಚು ಕೊಡಬೇಕೆಂಬ ಯಜಮಾನನಿಗೆ ಬಿಲ್ಲಿನಲ್ಲಿ ಒಂದು ಶುಲ್ಕವನ್ನು ಹಾಕುವುದೇ ಸುಲಭದ ದಾರಿಯಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಭಕ್ಷೀಸು ಆಳಿನ ಸೊತ್ತು, ಶುಲ್ಕ ಅಂಗಡಿಯ ಸೊತ್ತು. ಅಂಗಡಿಯ ಸೊತ್ತನ್ನು ಯಾರಿಗೆ ಬೇಕಾದರೂ ಹಂಚಬಹುದು.

ಹಂಚದೆ ಇಟ್ಟುಕೊಳ್ಳಲೂಬಹುದು. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ನಡೆದುದು ಇದೇ. 20 ಅಥವಾ ಅದಕ್ಕೂ ಹೆಚ್ಚು ಆಳುಗಳಿರುವ ಯಜಮಾನರು ಅವರ ಆರೋಗ್ಯಕ್ಕಾಗಿ ಗಂಟೆಗೆ ಇಷ್ಟೆಂದು ವೆಚ್ಚ ಮಾಡಬೇಕೆಂಬ ಕಾನೂನು ಅಲ್ಲಿ 2008ರಲ್ಲಿ ಜಾರಿಗೆ ಬಂದಿತು. ಹೋಟೆಲುಗಳು ಕೂಡಲೆ ಆರೋಗ್ಯದ ಹೆಸರಿನಲ್ಲಿ ಒಂದು ಸಾಲನ್ನು ಬಿಲ್ಲಿಗೆ ಸೇರಿಸಿದುವು. ತನಗೆ ಬಡಿಸಿದ ಹುಡುಗಿಗೆ ಜ್ವರ ಬಂದರೆ ಔಷಧಕ್ಕಾಗಲಿ ಎಂದು ಗಿರಾಕಿಗಳು ಹಣ ಕೊಟ್ಟರು. ಕೆಲವು ವರ್ಷಗಳ ಅನಂತರ ಲೆಕ್ಕ ತೆಗೆದಾಗ, ಕೆಲವು ಹೋಟೆಲುಗಳು ಆ ಸಾಲಿನಿಂದ ವಸೂಲು ಮಾಡಿದುದು ಹೆಚ್ಚು, ಆಳುಗಳ ಆರೋಗ್ಯಕ್ಕೆ ವೆಚ್ಚ ಮಾಡಿದುದು ಕಡಿಮೆ ಎಂಬುದು ಬಯಲಾಯಿತು. ಹಾಗೆ ಬಂದ ಹಣವನ್ನು ಅದಕ್ಕೇ ವೆಚ್ಚ ಮಾಡಬೇಕೆಂದು ನಗರಸಭೆ ಕಾನೂನನ್ನು ಬಿಗಿಮಾಡಿತು. 2013ರಲ್ಲಿ ನಗರದ ವಕೀಲರು ತನಿಖೆಗೆ ಕೈಹಾಕಿ ಹಣವನ್ನು ಕಕ್ಕಿಸಿದರು. ಬೆಲೆಯನ್ನು ಏರಿಸಿ ಲಾಭ ಪಡೆದವನನ್ನು ಯಾರೂ ಕಳ್ಳನೆನ್ನುವುದಿಲ್ಲ. ಆಳಿನ ಜ್ವರದ ಹೆಸರಿನಲ್ಲಿ ಪಡೆದು ಜೇಬಿಗಿಳಿಸಿದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕಾಗಿಲ್ಲ.

ಎಲ್ಲವನ್ನೂ ಪಟ್ಟಿಯ ಬೆಲೆಯೊಳಗೇ ತಂದು ಪ್ರಾಮಾಣಿಕವಾಗಿ ನಡೆದು ನೋಡಿದವರೂ ಇದ್ದಾರೆ. ನ್ಯೂಯಾರ್ಕಿನ ಪ್ರಖ್ಯಾತ ಹೋಟೆಲುಗಾರ ಡ್ಯಾನಿ ಮೇಯರ್ 2015ರ ಅಕ್ಟೋಬರಿನಲ್ಲಿ ತನ್ನ ಹೋಟೆಲುಗಳಲ್ಲಿ ಇನ್ನು ಭಕ್ಷೀಸು ಬೇಡವೆಂದು ಸಾರಿದ. ಪಟ್ಟಿಯ ಬೆಲೆಗಳು ಏರಿದುವು. ಒಳಗಿನ ಅಡಿಗೆಯವನಿಗೂ ಹೊರಗಿನ ಮಾಣಿಗೂ ನಡುವಿನ ಅಂತರ ಕಡಿಮೆಯಾಗಲೆಂಬುದು ಉದ್ದೇಶ. ಆಗಿದ್ದೇನು? ಕೊನೆಯಲ್ಲಿ ಕೊಡುವುದು ಎರಡೂ ಕಡೆ ಒಂದೇ ಆದರೂ ಪಟ್ಟಿಯ ಅಂಕಿಯನ್ನು ಕಂಡು ಬೆಚ್ಚಿದವರುಂಟು. ಭಕ್ಷೀಸಿನಲ್ಲಿ ಚೆನ್ನಾಗಿ ಸಂಪಾದಿಸುತ್ತಿದ್ದ ಹಳೆಯ ಮಾಣಿಗಳಲ್ಲಿ ಹಲವರು ಕೆಲಸ ಬಿಟ್ಟು ಬೇರೆ ಕಡೆಗೆ ಹೊರಟರು. ಐದು ವರ್ಷ ತುಂಬುವ ಮೊದಲೇ, 2020ರ ಜುಲೈಯಲ್ಲಿ, ಸಾಂಕ್ರಾಮಿಕದಿಂದ ಮುಚ್ಚಿದ್ದ ಹೋಟೆಲುಗಳನ್ನು ಮತ್ತೆ ತೆರೆಯುವಾಗ ಆತ ಭಕ್ಷೀಸನ್ನೂ ಮರಳಿ ತಂದ. ಸರಿಯಾದ ಜಾಗದಲ್ಲಿ ಲೆಕ್ಕ ಬರೆಯುವುದಕ್ಕೂ ದಂಡ ತೆರಬೇಕಾಗುತ್ತದೆ.

ಸರ್ಕಾರಗಳ ಮನಸ್ಸೂ ಗಟ್ಟಿಯಲ್ಲ. ಮುಚ್ಚಿಟ್ಟ ಶುಲ್ಕಗಳನ್ನು ನಿಷೇಧಿಸುವ ಕಾನೂನು ಕ್ಯಾಲಿಫೋರ್ನಿಯದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬರಬೇಕಿದ್ದಿತು. ಅದಕ್ಕೆ ಎರಡೇ ದಿನ ಮೊದಲು ಹೋಟೆಲುಗಳಿಗೆ ವಿನಾಯಿತಿ ಕೊಡುವ ಇನ್ನೊಂದು ಕಾನೂನಿಗೆ ರುಜು ಬಿದ್ದಿತು. ಪಟ್ಟಿಯಲ್ಲಿ ಸ್ಪಷ್ಟವಾಗಿ ಕಾಣುವಂತೆ ಬರೆದರೆ ಸಾಕೆಂದಾಯಿತು. ಉತ್ತರದ ವಾಷಿಂಗ್ಟನ್ ಸಂಸ್ಥಾನದ ನಿಯಮ ಇದಕ್ಕಿಂತ ಮೇಲು. ಸೇವಾಶುಲ್ಕದಲ್ಲಿ ಎಷ್ಟು ಪಾಲು ಬಡಿಸಿದವನ ಕೈಗೆ ಹೋಗುತ್ತದೆಂಬುದನ್ನು ಅಲ್ಲಿ ಪಟ್ಟಿಯಲ್ಲಿಯೂ ಬಿಲ್ಲಿನಲ್ಲಿಯೂ ಅಚ್ಚು ಮಾಡಲೇಬೇಕು.

ನಮ್ಮ ದೇಶದ ದೊಡ್ಡ ಹೋಟೆಲುಗಳಿಗೂ ಈ ಸೇವಾಶುಲ್ಕದ ಚಪಲ ತಗುಲಿತು. ಕೇಳದೆಯೇ ಬಿಲ್ಲಿಗೆ ಅದನ್ನು ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಆಜ್ಞೆ ಮಾಡಿತು. ಹೋಟೆಲುಗಾರರ ಸಂಘಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದುವು. ಶುಲ್ಕ ಆಳುಗಳ ಹಿತಕ್ಕಾಗಿಯೇ ಎಂಬುದು ಅವರ ವಾದಗಳಲ್ಲಿ ಒಂದು. 2025ರ ಮಾರ್ಚ್ 28ರಂದು ನ್ಯಾಯಾಲಯ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿದು, ಎರಡೂ ಸಂಘಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡವನ್ನೂ ಹಾಕಿತು.

ಬೆಂಗಳೂರಿನ ಸಾಧಾರಣ ಹೋಟೆಲಿಗೆ ಈ ರಗಳೆಯೇ ಬೇಡ. 2023ರ ಆಗಸ್ಟ್ 1ರಂದು ನಂದಿನಿ ಹಾಲು ಲೀಟರಿಗೆ 3 ರೂಪಾಯಿ ಏರಿದಾಗ ಹೋಟೆಲುಗಾರರು ತಿಂಡಿಯ ಬೆಲೆಯನ್ನು ಶೇಕಡ 10ರಷ್ಟು ಏರಿಸಲು ನಿಶ್ಚಯಿಸಿದರು. ಹಲಗೆಯ ಮೇಲಿನ ಅಂಕಿ ಬದಲಾಯಿತು. ಗಿರಾಕಿ ಗಲ್ಲದ ಮುಂದೆ ಗೊಣಗಿದ, ಕಾಫಿ ಕುಡಿದ. ಆದರೆ ಆ ಕಾಫಿ ಇಷ್ಟು ವರ್ಷ ಅಗ್ಗವಾಗಿ ದೊರೆತುದು ಹೇಗೆಂಬುದನ್ನು ಯಾವ ಹಲಗೆಯೂ ಬರೆದಿಲ್ಲ. ದಕ್ಷಿಣ ಕನ್ನಡದ ಹಳ್ಳಿಗಳಿಂದ ಮುಂಬಯಿಗೂ ಬೆಂಗಳೂರಿಗೂ ಬಸ್ಸು ಹತ್ತಿದ ಹುಡುಗರು ಊಟ, ಮಲಗಲು ಜಾಗ, ಕೈಗೆ ಒಂದಿಷ್ಟು ಪುಡಿಗಾಸು ಎಂಬ ಕರಾರಿನ ಮೇಲೆ ಲೋಟ ತೊಳೆದರು. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬೆಂಚುಗಳಲ್ಲಿ ತೂಕಡಿಸುತ್ತ ಓದಿದವರಲ್ಲಿ ಅನೇಕರು ಅಂಥವರೇ. ಮುಂದೆ ಅವರಲ್ಲಿ ಕೆಲವರು ತಾವೇ ಹೋಟೆಲು ಇಟ್ಟರು. ಉಳಿದವರ ಲೆಕ್ಕವನ್ನು ಇಟ್ಟವರಿಲ್ಲ. 1948ರ ಕನಿಷ್ಠ ವೇತನ ಶಾಸನ ಕಾಗದದಲ್ಲಿದ್ದಿತು. ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸಕೂಡದೆಂಬ ಆಜ್ಞೆ ಬಂದುದು 2006ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಅಗ್ಗದ ಕಾಫಿಯ ಉಳಿದರ್ಧ ಬೆಲೆಯನ್ನು ಆ ಹುಡುಗರೇ ತೆರುತ್ತಿದ್ದರೆನ್ನಬಹುದು.

1980ರ ದಶಕದಲ್ಲಿ ಬೆಂಗಳೂರು ಇದಕ್ಕೊಂದು ಜಾಣ ಉತ್ತರವನ್ನು ಕಂಡುಹಿಡಿಯಿತು. ದರ್ಶಿನಿ ಎಂಬ ಹೆಸರಿನ ಈ ಹೊಸ ಬಗೆಯ ಹೋಟೆಲಿನಲ್ಲಿ ಗಲ್ಲದ ಮುಂದೆ ಹಣ ಕೊಟ್ಟು ಚೀಟಿ ಪಡೆಯಬೇಕು, ಅಡಿಗೆಮನೆಯ ಕಟ್ಟೆಯ ಮುಂದೆ ಚೀಟಿ ಕೊಟ್ಟು ತಟ್ಟೆ ಪಡೆಯಬೇಕು, ಎದೆಮಟ್ಟದ ಮೇಜಿನ ಸುತ್ತ ನಿಂತು ತಿನ್ನಬೇಕು. ಇಡ್ಲಿ ಬಿಸಿಯಾಗಿರುತ್ತದೆ, ಬೆಲೆ ಕಡಿಮೆಯಿರುತ್ತದೆ, ಭಕ್ಷೀಸಿನ ಮುಜುಗರವಿಲ್ಲ, ಸೇವಾಶುಲ್ಕದ ಮಾತಿಲ್ಲ. ಪಕ್ಕದಲ್ಲಿ ಬಂದು ನಿಂತು, ಏನು ತರಲಿ ಸ್ವಾಮಿ ಎಂದು ಕೇಳುವವನೂ ಇಲ್ಲ.