ಜಾಲತಾಣದ ಬರಹವೂ ಊರಿನ ನುಡಿಯೂ

ಮಾತು ಊರಿಗೊಂದು ಬಗೆಯಾಗಿದ್ದರೂ ಬರಹವು ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಆಗಿರಬೇಕೆಂಬ ಭಾವನೆ ಕನ್ನಡಿಗರಲ್ಲಿ ಬಹುಕಾಲದಿಂದ ಬೇರೂರಿದೆ. ವಾಟ್ಸಾಪ್, ಫೇಸ್‌ಬುಕ್ಕುಗಳು ಬಳಕೆಗೆ ಬಂದ ಮೇಲೆ ಈ ಕಟ್ಟು ಸಡಿಲಗೊಂಡಿದೆ. ಅಲ್ಲಿ ಅನೇಕರು ಆಡಿದಂತೆಯೇ ಬರೆಯುತ್ತಾರೆ.

‘ಇದೆ’ ಎಂಬ ಒಂದು ಪದವನ್ನು ನೋಡಿದರೆ ಸಾಕು. ಬೆಳಗಾವಿ, ವಿಜಯಪುರದ ಕಡೆಯವರು ‘ಐತಿ’ ಎಂದು ಬರೆಯುತ್ತಾರೆ. ಕಲಬುರಗಿ, ಬೀದರಿನವರು ‘ಅದ’ ಎನ್ನುತ್ತಾರೆ. ತುಮಕೂರು, ಚಿತ್ರದುರ್ಗಗಳ ಸೀಮೆಯಲ್ಲಿ ಅದು ‘ಐತೆ’, ಮಂಗಳೂರಿನಲ್ಲಿ ‘ಉಂಟು’. ಕುಂದಾಪುರದ ‘ಇತ್ತ್’ ಎಂಬುದಂತೂ ಮೈಸೂರಿನ ಓದುಗನನ್ನು ದಾರಿ ತಪ್ಪಿಸೀತು. ಅಂಗಡಿಯಲ್ಲಿ ಸಾಮಾನು ‘ಇತ್ತ್’ ಎಂದು ಓದಿದವನು ಅದು ಮುಗಿದುಹೋಯಿತೆಂದೇ ತಿಳಿಯುತ್ತಾನೆ. ಬರೆದವನ ಅಭಿಪ್ರಾಯವಾದರೋ ಈಗಲೂ ಇದೆ ಎಂಬುದು!

ಈ ಭೇದಗಳು ಬಹು ಹಳೆಯವು. 1956ರ ನವೆಂಬರ್ 1ರವರೆಗೆ ಕನ್ನಡನಾಡು ಮುಂಬಯಿ, ಹೈದರಾಬಾದು, ಮದರಾಸು, ಮೈಸೂರು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ, ಒಂದೆಡೆ ಮರಾಠಿ, ಇನ್ನೊಂದೆಡೆ ಉರ್ದು ಪದಗಳು ಅವುಗಳೊಡನೆ ಬೆರೆತವು.

ಬೇಂದ್ರೆಯವರು ಧಾರವಾಡದ ಮಾತಿನಲ್ಲಿ ಕವಿತೆ ಕಟ್ಟಿದಾಗ ನಾಡು ತಲೆದೂಗಿತು. ನಂಜನಗೂಡು ಸೀಮೆಯ ಆಡುನುಡಿಯಲ್ಲಿ ದೇವನೂರ ಮಹಾದೇವರು ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಕವಿಗೆ ಸಲ್ಲುವ ಈ ಸ್ವಾತಂತ್ರ್ಯ ಸಾಮಾನ್ಯನಿಗೆ ಏಕೆ ಸಲ್ಲಬಾರದು? ಬೀದರಿನ ತರುಣನು ತನ್ನ ನುಡಿಯಲ್ಲಿ ನಾಲ್ಕು ಸಾಲು ಬರೆದರೆ, ‘ಮೊದಲು ಶುದ್ಧ ಕನ್ನಡ ಕಲಿಯಿರಿ’ ಎಂದು ಗದರುವವರು ಕೂಡಲೇ ಹಾಜರಾಗುತ್ತಾರೆ. ಹೀಗೆ ನಗೆಪಾಟಲಿಗೀಡಾದವನು ಮರುದಿನ ಗ್ರಾಂಥಿಕ ಕನ್ನಡದಲ್ಲಿ ಬರೆಯುವುದು ಅಪರೂಪ. ಆತ ಸುಮ್ಮನಾಗುತ್ತಾನೆ, ಇಲ್ಲವೆ ಇಂಗ್ಲಿಷಿಗೆ ಹೊರಳುತ್ತಾನೆ. ಶುದ್ಧಿಯ ಹೆಸರಿನಲ್ಲಿ ಕನ್ನಡವು ಒಬ್ಬ ಬರಹಗಾರನನ್ನು ಕಳೆದುಕೊಳ್ಳುತ್ತದೆ.

ನಾಡಿಗೆಲ್ಲ ತಲುಪಬೇಕಾದ ಪ್ರಕಟಣೆಗೆ, ಪಾಠಪುಸ್ತಕಕ್ಕೆ, ನ್ಯಾಯಾಲಯದ ತೀರ್ಪಿಗೆ ಶಿಷ್ಟ ಕನ್ನಡವೇ ಬೇಕು; ಮೇಲಿನ ‘ಇತ್ತ್’ ಅದಕ್ಕೆ ಸಾಕ್ಷಿ. ಅದನ್ನು ಕಲಿಸುವುದು ಶಾಲೆಯ ಹೊಣೆಯೂ ಹೌದು. ಆದರೆ ಅದನ್ನು ಕಲಿಸಲು ಮನೆಯ ಮಾತಿನ ಬಗೆಗೆ ನಾಚಿಕೆ ಹುಟ್ಟಿಸಬೇಕಾಗಿಲ್ಲ. ಬಾಗಲಕೋಟೆಯ ವಿದ್ಯಾರ್ಥಿನಿಯು ಪರೀಕ್ಷೆಯಲ್ಲಿ ‘ಮನೆಯಲ್ಲಿ’ ಎಂದೂ ತಾಯಿಗೆ ಕಳಿಸುವ ಸಂದೇಶದಲ್ಲಿ ‘ಮನ್ಯಾಗ’ ಎಂದೂ ಬರೆದರೆ, ಆಕೆಗೆ ಕನ್ನಡ ಬಾರದೆಂದು ಯಾವ ಗುರುಗಳು ಹೇಳಿಯಾರು?