ಒಂದು ಸೈಜು ದೊಡ್ಡದು ಬೇಡ

"ಬೆಳೆಯೋ ಮಗು, ಒಂದು ಸೈಜು ದೊಡ್ಡದೇ ಇರಲಿ." ಹಬ್ಬದ ಬಟ್ಟೆ ತೆಗೆಯುವಾಗ ನಮ್ಮೆಲ್ಲರ ಮನೆಯಲ್ಲೂ ಕೇಳುವ ಮಾತು. ಈ ಲೆಕ್ಕವನ್ನು ಮಕ್ಕಳ ಮೌಂಟನ್ ಬೈಕಿಗೆ ಮಾತ್ರ ತರಬೇಡಿ. ಅಂಗಿ ದೊಗಲೆಯಾದರೆ ತೋಳು ಮಡಚಬಹುದು. ಇಳಿಜಾರಿನಲ್ಲಿ ಕಾಲು ನೆಲಕ್ಕೆ ಎಟುಕದಿದ್ದರೆ ಮಗು ಬೀಳುತ್ತದೆ. ಎರಡು ಸಲ ಬಿದ್ದರೆ ಸೈಕಲ್ಲಿನ ಸಹವಾಸವೇ ಬೇಡ ಅನ್ನುತ್ತದೆ.

ದೊಡ್ಡ ಗಾಲಿಗೆ ಅದರದ್ದೇ ಲಾಭವಿದೆ. ಬೇರು, ಕಲ್ಲು ಅಡ್ಡ ಬಂದರೆ ಸುಲಭವಾಗಿ ಹತ್ತಿ ದಾಟುತ್ತದೆ. ದೊಡ್ಡವರ ಮೌಂಟನ್ ಬೈಕು 26 ಇಂಚಿನಿಂದ 27.5ಕ್ಕೆ, 29ಕ್ಕೆ ಬೆಳೆದದ್ದು ಇದೇ ಕಾರಣಕ್ಕೆ. ಆದರೆ ಅದು ಭಾರ ಹೆಚ್ಚು, ಪುಟ್ಟ ಕೈಗೆ ತಿರುಗಿಸುವುದೂ ಕಷ್ಟ. ಒಂಬತ್ತು ವರ್ಷದ ಹೆಚ್ಚಿನ ಮಕ್ಕಳಿಗೆ 24 ಇಂಚು ಹೊಂದುತ್ತದೆ. ವಯಸ್ಸಿಗಿಂತ ಕಾಲಿನ ಉದ್ದ ನೋಡಿ. ಸೀಟಿನ ಮುಂದೆ, ಫ್ರೇಮಿನ ಕಂಬಿಯ ಆಚೆ ಈಚೆ ಕಾಲಿಟ್ಟು ನಿಲ್ಲಲು ಹೇಳಿ. ಎರಡೂ ಪಾದ ಪೂರ್ತಿ ನೆಲದ ಮೇಲಿದ್ದು, ಕಂಬಿಯ ಮೇಲೆ ಮೂರು ನಾಲ್ಕು ಬೆರಳಿನಷ್ಟು ಸಂದು ಉಳಿಯಬೇಕು. ಬ್ರೇಕಿನ ಹಿಡಿ ಬೆರಳಿಗೆ ಸಲೀಸಾಗಿ ಸಿಗಬೇಕು.

ಹಾಗಾದರೆ ಬೇರು, ಕಲ್ಲಿಗೆ ಏನು ಉಪಾಯ? ಅಗಲವಾದ ಟೈರು. ಟೈರು ನೆಲ ಮುಟ್ಟುವ ಜಾಗ, ಹೆಚ್ಚುಕಡಿಮೆ, ಭಾರವನ್ನು ಒಳಗಿನ ಗಾಳಿಯ ಒತ್ತಡದಿಂದ ಭಾಗಿಸಿದಷ್ಟು. ಮಗು, ಸೈಕಲ್ ಸೇರಿ 40 ಕೆ.ಜಿ. ಅಂದುಕೊಳ್ಳಿ. 36 ಪಿಎಸ್‌ಐ, ಅಂದರೆ 2.5 ಬಾರ್ ಗಾಳಿಯಿದ್ದರೆ ಎರಡೂ ಟೈರು ಸೇರಿ ನೆಲ ಹಿಡಿಯುವುದು ಸುಮಾರು 16 ಚದರ ಸೆಂ.ಮೀ. ಅದನ್ನೇ 22 ಪಿಎಸ್‌ಐಗೆ, ಅಂದರೆ 1.5 ಬಾರ್‌ಗೆ ಇಳಿಸಿದರೆ ಸುಮಾರು 27. ಕಿರಿದಾದ ಟೈರಿನಲ್ಲಿ ಇಷ್ಟು ಗಾಳಿ ಇಳಿಸಿದರೆ ಕಲ್ಲಿಗೆ ರಿಮ್ಮು ಬಡಿದು ಟ್ಯೂಬು ಪಂಕ್ಚರ್ ಆದೀತು. ಅಗಲ ಟೈರಿನಲ್ಲಿ ಆ ಭಯ ಕಡಿಮೆ. ಅಗಲ ಟೈರು ತಂದು ಕಲ್ಲಿನ ಹಾಗೆ ಗಾಳಿ ತುಂಬಿದರೆ ದುಡ್ಡು ದಂಡ. ಟೈರಿನ ಮೇಲೆ ಬರೆದಿರುವ ಕನಿಷ್ಠ ಒತ್ತಡಕ್ಕಿಂತ ಕೆಳಗೆ ಮಾತ್ರ ಹೋಗಬೇಡಿ.

ಕೊಳ್ಳುವ ಮುಂಚೆ ಹಳೇ ಟೈರಿನ ಪಕ್ಕ ಓದಿ. 57-507 ಎಂದಿದ್ದರೆ ಅಗಲ 57 ಮಿ.ಮೀ., ರಿಮ್ಮಿನ ಮೇಲೆ ಟೈರು ಕೂರುವ ಕಡೆಯ ವ್ಯಾಸ 507 ಮಿ.ಮೀ. "24 ಇಂಚು" ಎಂಬ ಹೆಸರಲ್ಲೇ ಬೇರೆ ಅಳತೆಯ ರಿಮ್ಮುಗಳೂ ಇರುವುದರಿಂದ ಎರಡನೇ ಸಂಖ್ಯೆ ಹಾಗೇ ಇರಬೇಕು. ಮೊದಲನೆಯದು ಹೆಚ್ಚಬಹುದು, ಆದರೆ ಟೈರಿಗೂ ಫ್ರೇಮಿಗೂ, ಮುಂದಿನ ಫೋರ್ಕಿಗೂ ನಡುವೆ ಎರಡೂ ಬದಿ ಕನಿಷ್ಠ 6 ಮಿ.ಮೀ. ಉಳಿಯಲಿ, ಕೆಸರು ಮೆತ್ತಿದರೂ ಉಜ್ಜಬಾರದು. ನಿಮ್ಮ ರಿಮ್ಮಿನ ಅಗಲಕ್ಕೆ ಆ ಟೈರು ಹೊಂದುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿ.

ಇನ್ನು ಭಾಷೆಯ ಮಾತು. ಟೈರು, ಟ್ಯೂಬು, ಬ್ರೇಕು ಎಲ್ಲ ಇಂಗ್ಲಿಷಿನಿಂದ ಬಂದವೇ, ಅದಕ್ಕೆ ಕೊರಗಬೇಡಿ. ಗಾಳಿ ಹೊಡಿ, ಬಿಗಿ ಮಾಡು, ಸಡಿಲಿಸು, ಒತ್ತು, ಉಜ್ಜುತ್ತಿದೆ: ಕೆಲಸದ ಮಾತೆಲ್ಲ ಕನ್ನಡದ್ದೇ. ಈ ವಾರ ಪಂಪನ್ನು ಮಗುವಿನ ಕೈಗೇ ಕೊಡಿ. ಒಂದೇ ದಾರಿಯಲ್ಲಿ ಎರಡು ಸುತ್ತು ಹೋಗಲಿ, ಒಮ್ಮೆ ಗಟ್ಟಿ ಗಾಳಿಯಲ್ಲಿ, ಒಮ್ಮೆ ಮೆತ್ತಗಿನ ಗಾಳಿಯಲ್ಲಿ. ಆಮೇಲೆ ಕೇಳಿ: ಯಾವುದು ಜಾರಿತು? ಯಾವುದು ಕುಪ್ಪಳಿಸಿತು? ಯಾವುದು ನೆಲ ಹಿಡಿಯಿತು? ಉತ್ತರ ಗೊತ್ತಿರುವುದು ಸೈಕಲ್ ಓಡಿಸಿದವರಿಗೆ ಮಾತ್ರ, ಹಾಗಾಗಿ ಅವರೇ ಹೇಳಬೇಕು. ನೀವು ಕೇಳಿಸಿಕೊಳ್ಳಿ, ಎಷ್ಟು ಗಾಳಿ ಅಂತ ಅವರೇ ತೀರ್ಮಾನಿಸಲಿ.