ರಿಕವರಿ ಲೆಕ್ಕದಲ್ಲಿ ಕಬ್ಬು ಕಡಿಯೋರು ಎಲ್ಲಿದ್ದಾರೆ?



ಕಬ್ಬಿಗೆ ‘ರೈಪನರ್’ ಹೊಡೆದರೆ ಸಕ್ಕರೆ ರಿಕವರಿ ಜಾಸ್ತಿ ಆಗುತ್ತೆ ಅನ್ನೋ ಮಾತು ಬಂದಾಗಲೆಲ್ಲ ಚರ್ಚೆ ರೈತ ಮತ್ತು ಕಾರ್ಖಾನೆ, ಈ ಇಬ್ಬರ ಮಧ್ಯೆಯೇ ಮುಗಿದುಹೋಗುತ್ತೆ. ಮೂರನೆಯವರು ಇದ್ದಾರೆ ಸ್ವಾಮಿ, ಕಬ್ಬು ಕಡಿಯೋರು.

ಇದೇನು ಅಂತ ಮೊದಲು ನೋಡೋಣ. ಕಟಾವಿಗೆ ಕೆಲವು ವಾರ ಮುಂಚೆ ಎಥೆಫಾನ್, ಇಲ್ಲವೇ ಕಡಿಮೆ ಪ್ರಮಾಣದಲ್ಲಿ ಗ್ಲೈಫೋಸೇಟ್ ಕಳೆನಾಶಕ ಸಿಂಪಡಿಸ್ತಾರೆ. ಬೆಳವಣಿಗೆ ಕುಂಠಿತವಾಗುತ್ತೆ, ಬೆಳೆಯೋಕೆ ಖರ್ಚಾಗಬೇಕಿದ್ದ ಸಕ್ಕರೆ ಜಲ್ಲೆಯಲ್ಲೇ ಉಳಿಯುತ್ತೆ. ಬ್ರೆಜಿಲ್, ಅಮೆರಿಕದ ಲೂಸಿಯಾನದಲ್ಲಿ ಇದು ಹಳೇ ಪದ್ಧತಿ. ಅಲ್ಲಿ ವಿಮಾನ ಸಿಂಪಡಿಸುತ್ತೆ, ಬಹುಪಾಲು ಯಂತ್ರವೇ ಕಡಿಯುತ್ತೆ. ಇಲ್ಲಿ? ಪಂಪು ಬೆನ್ನಿಗೇರಿಸೋನು ಕೂಲಿಯವನು. ಮಚ್ಚು ಹಿಡಿಯೋರಲ್ಲಿ ಮುಂಗಡದ ಸಾಲ ತೀರಿಸೋಕೆ ಗ್ಯಾಂಗ್‌ನಲ್ಲಿ ಬರೋ ದಲಿತರು, ಲಂಬಾಣಿಗಳು, ಭೂಮಿ ಇಲ್ಲದವರೇ ಹೆಚ್ಚು. ಸೋಗೆ ಸವರೋ ಹೆಣ್ಮಕ್ಕಳ ಕೈಗೆ ಗವಸು ಎಲ್ಲಿದೆ? ಅದೇ ಹಸಿ ಸೋಗೆ ಸಂಜೆ ದನಕ್ಕೆ ಮೇವು.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗ್ಲೈಫೋಸೇಟನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಅಂತ ವರ್ಗೀಕರಿಸಿತು. ಅಮೆರಿಕದ ಪರಿಸರ ಸಂಸ್ಥೆ ಅದನ್ನ ಒಪ್ಪಲಿಲ್ಲ. ವಾದ ಏನೇ ಇರಲಿ, 2022ರ ಅಕ್ಟೋಬರ್‌ನಲ್ಲಿ ನಮ್ಮ ಕೇಂದ್ರ ಸರ್ಕಾರವೇ ಕೀಟ ನಿಯಂತ್ರಣ ನಿರ್ವಾಹಕರು ಬಿಟ್ಟು ಬೇರೆಯವರು ಇದನ್ನ ಬಳಸಬಾರದು ಅಂತ ಅಧಿಸೂಚನೆ ಹೊರಡಿಸಿತು. ಅಪಾಯ ಇಲ್ಲದೇ ಹೊರಡಿಸಿದರಾ?

ಹೋಗಲಿ, ರೈತನಿಗಾದರೂ ಲಾಭವಾ? 2025-26ರ ಎಫ್‌ಆರ್‌ಪಿ 10.25% ರಿಕವರಿಗೆ ಕ್ವಿಂಟಾಲ್‌ಗೆ 355 ರೂಪಾಯಿ, ಮೇಲೆ ಪ್ರತಿ 0.1%ಗೆ 3.46 ರೂಪಾಯಿ. ಆದರೆ ರಿಕವರಿ ಲೆಕ್ಕ ಕಾರ್ಖಾನೆಯ ಒಟ್ಟು ಸರಾಸರಿಯದ್ದು. ನಿಮ್ಮ ಒಂದು ಹೊಲದ ಸಿಹಿಗೆ ಬೇರೆ ಬಿಲ್ ಬರಲ್ಲ. ಔಷಧಿ ಹೊಡೆದ ಮೇಲೆ ನಿಗದಿತ ವಾರಗಳೊಳಗೆ ಕಡೀಲೇಬೇಕು. ತಡವಾದರೆ ಕಬ್ಬಿನ ಗುಣ ಕೆಡುತ್ತೆ, ಗ್ಲೈಫೋಸೇಟ್ ಆದರೆ ಕೂಳೆ ಬೆಳೆಗೂ ಪೆಟ್ಟು ಬೀಳಬಹುದು. ಕಟಾವಿನ ಸರದಿ ಯಾರ ಕೈಯಲ್ಲಿದೆ? ಕಾರ್ಖಾನೆ ಕೈಯಲ್ಲಿ. ಹಾಗಾಗಿ ಸಣ್ಣ ರೈತರೇ, ನೀವೂ ನಾವೂ ಈ ವಿಷಯದಲ್ಲಿ ಒಂದೇ ಕಡೆ ನಿಲ್ಲಬೇಕಾದವರು.

ನಾನು ಗುಮಾಸ್ತ. ಫಾರಂನಲ್ಲಿ ಕಾಲಂ ಇಲ್ಲದ ಮನುಷ್ಯ ಸರ್ಕಾರದ ಕಣ್ಣಿಗೆ ಬೀಳಲ್ಲ ಅನ್ನೋದು ದಿನಾ ನೋಡೋ ಸತ್ಯ. ಅದಕ್ಕೇ ಕೇಳ್ತಿದ್ದೀವಿ: ಯಾವ ಹೊಲಕ್ಕೆ ಏನು, ಯಾವತ್ತು ಹೊಡೆದರು ಅನ್ನೋದು ಕಟಾವು ಆದೇಶದ ಚೀಟಿಯಲ್ಲೇ ಕನ್ನಡದಲ್ಲಿ ಬರೆದಿರಲಿ, ಗ್ಯಾಂಗ್‌ಗೆ ಓದಿ ಹೇಳಲಿ. ಕೈಗವಸು, ಬೂಟು, ತೊಳೆಯೋಕೆ ನೀರು ಕಾರ್ಖಾನೆ ಕೊಡಲಿ. ಕಡಿಯೋರ ಆರೋಗ್ಯ ತಪಾಸಣೆ ಹಂಗಾಮಿನಲ್ಲೇ ನಡೀಲಿ.

ಇಷ್ಟು ಮಾಡೋಕಾಗಲ್ಲ ಅನ್ನೋರು ರೈಪನರ್ ಮಾತೇ ಎತ್ತಬೇಡಿ. ನಿಮ್ಮ ಸಕ್ಕರೆ ಸಿಹಿಯಾಗೋಕೆ ನಮ್ಮ ಜನರ ಮೈ ಪ್ರಯೋಗಶಾಲೆ ಅಲ್ಲ.